ಸುಮಿತ್ರಾ ‘ಇಲ್ಲ’ ಎಂದ ಅಧ್ಯಾಯ

ನನ್ನ ಕಾದಂಬರಿಯ ಹದಿನೆಂಟನೇ ಅಧ್ಯಾಯದಲ್ಲಿ ಶ್ರೀಪತಿ ಸಾಯಬೇಕಿತ್ತು. ಮೊದಲ ಅಧ್ಯಾಯದ ಮೊದಲ ಸಾಲು ಬರೆಯುವ ಮುಂಚೆಯೇ ಅದು ತೀರ್ಮಾನವಾಗಿತ್ತು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಎಂಜಿನಿಯರ್ ಅವನು. ಕೈಕಾಲು, ನಾಲಿಗೆ, ಕೊನೆಗೆ ಉಸಿರಾಟ, ಹೀಗೆ ಮೈಯ ಸ್ನಾಯುಗಳನ್ನು ಒಂದೊಂದಾಗಿ ಸೋಲಿಸುತ್ತ ಹೋಗುವ, ವಾಸಿಯಾಗದ ನರರೋಗ ಅವನಿಗೆ ಬರುತ್ತದೆ. ತನ್ನ ಸಾವಿನ ಗಳಿಗೆಯನ್ನು ತಾನೇ ಆರಿಸಿಕೊಳ್ಳಬೇಕೆಂದು ಅವನು ಹಟ ಹಿಡಿಯುತ್ತಾನೆ. ಟೆಕ್ಸಸ್‌ನ ಕಾನೂನು ಅದಕ್ಕೆ ಒಪ್ಪುವುದಿಲ್ಲ. ನೆರವಾದವರು ಇಲ್ಲಿ ಅಪರಾಧಿಗಳಾಗುತ್ತಾರೆ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಅದನ್ನು ಒಪ್ಪುವ ಬೇರೊಂದು ರಾಜ್ಯಕ್ಕೆ ಹೋಗುತ್ತಾರೆ. ವೈದ್ಯರ ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಬಾಡಿಗೆ ಮನೆಯೊಂದರಲ್ಲಿ, ಹೆಂಡತಿ ಸುಮಿತ್ರಾ ತಂದಿಟ್ಟ ಲೋಟವನ್ನು ಶ್ರೀಪತಿ ಎತ್ತಿ ಕುಡಿಯುತ್ತಾನೆ. ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ.

ಈ ಅಧ್ಯಾಯ ಬರೆದು ಮುಗಿಸಿದ ದಿನ ನನಗೆ ಸಮಾಧಾನವಾಗಿತ್ತು. ಬೆಂಗಳೂರಿನ ಸಂಪಾದಕರಿಗೆ ಆಗಲಿಲ್ಲ.

“ಮೇಡಂ, ನಿಮ್ಮ ಪಾತ್ರಗಳು ಚೆನ್ನಾಗಿ ವಾದ ಮಾಡ್ತವೆ,” ಎಂದರು ಫೋನಿನಲ್ಲಿ. “ಆದ್ರೆ ಬದುಕ್ತಾ ಇಲ್ಲ. ಒಬ್ಬರು ಪರ, ಒಬ್ಬರು ವಿರೋಧ. ಚರ್ಚಾಸ್ಪರ್ಧೆ ನೋಡಿದ ಹಾಗಾಯ್ತು.”

ಅವರ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಸಿಟ್ಟು ಬಂತು. ಹಗಲಿಡೀ ಆಸ್ಟಿನ್‌ನ ಒಂದು ಚಿಪ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದು. ಈ ಸೂಚನೆ ಬಂದರೆ ಈ ದೋಷ, ಆ ದೋಷಕ್ಕೆ ಈ ಪರಿಹಾರ ಎಂದು ಬರೆದು ಅಭ್ಯಾಸ. ಮುಂಜಾನೆ ಕೆಲಸಕ್ಕೆ ಹೊರಡುವ ಮುಂಚೆ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನ ನನ್ನ ಮನೆಯ ಊಟದ ಮೇಜಿನ ಮೇಲೆ ಕಾದಂಬರಿ ಬರೆಯುತ್ತಿದ್ದೆ. ಕೈಪಿಡಿಯ ಕ್ರಮ ಕಾದಂಬರಿಯೊಳಗೂ ನುಗ್ಗಿಬಿಟ್ಟಿತ್ತೋ ಏನೋ.

ಪದಗಳೂ ಕೈಕೊಡುತ್ತಿದ್ದವು. ಪತ್ರಿಕೆಗಳಲ್ಲಿ ಇದಕ್ಕೆ ದಯಾಮರಣ ಎನ್ನುತ್ತಾರೆ. ಹಾಗೆಂದ ಕೂಡಲೇ ಯಾರೋ ಮೇಲಿನವರು ಕೆಳಗಿನವರ ಮೇಲೆ ದಯೆ ತೋರಿಸಿದ ಹಾಗಾಗುತ್ತದೆ. ಇಚ್ಛಾಮರಣ ಎಂದರೆ ಪುರಾಣದ ವರದ ಮಾತಾಗುತ್ತದೆ. ಕೇಟಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತ ಗಂಡ ಹೆಂಡಿರು ಇದನ್ನು ಏನೆಂದು ಕರೆಯುತ್ತಾರೆ? ಎಷ್ಟು ಬರೆದು ಅಳಿಸಿದರೂ ಉತ್ತರ ಸಿಗಲಿಲ್ಲ. ಕೊನೆಗೆ ಎಲ್ಲ ಕಡೆಯೂ ‘ಅದು’ ಎಂದು ಬರೆದಿಟ್ಟೆ. ಓದಿದರೆ ಇಬ್ಬರೂ ಏನನ್ನೋ ಕದ್ದವರ ಹಾಗೆ ಕಾಣುತ್ತಿದ್ದರು.

ಆ ಹೊತ್ತಿಗೆ ಡಲ್ಲಾಸ್‌ನ ಓದುಗರ ಬಳಗದವರು ಕರೆದರು. ಒಂದು ಮನೆಯ ಹಜಾರದಲ್ಲಿ ಮೂವತ್ತು ನಲವತ್ತು ಜನ, ಹೆಚ್ಚಿನವರು ಬೆಂಗಳೂರು ಮೈಸೂರಿನ ಸಾಫ್ಟ್‌ವೇರ್ ಮಂದಿ. ಹದಿನೆಂಟನೇ ಅಧ್ಯಾಯ ಓದಿದೆ. ಮುಗಿದಾಗ ಕೆಲವರು ಕಣ್ಣೊರೆಸಿಕೊಂಡರು. ಆಮೇಲೆ ಚುರುಮುರಿ ತಿನ್ನುತ್ತ ಎರಡು ಪಕ್ಷವಾದರು. ಕರ್ಮ ಅನುಭವಿಸಿಯೇ ತೀರಬೇಕು ಎಂದು ಒಂದು ಸೋಫಾ. ನನ್ನ ದೇಹದ ಯಜಮಾನ ನಾನೇ ಎಂದು ಇನ್ನೊಂದು ಸೋಫಾ. ಶ್ರೀಪತಿ, ಸುಮಿತ್ರಾ ಇಬ್ಬರನ್ನೂ ಎಲ್ಲರೂ ಮರೆತಿದ್ದರು. ಸಂಪಾದಕರು ಹೇಳಿದ ಚರ್ಚಾಸ್ಪರ್ಧೆ ನನ್ನ ಕಣ್ಣೆದುರೇ ನಡೆಯುತ್ತಿತ್ತು, ಅದಕ್ಕೆ ವಿಷಯ ಒದಗಿಸಿದವಳು ನಾನು.

ಹೊರಡುವಾಗ ಮನೆಯೊಡತಿ ಬಾಗಿಲ ತನಕ ಬಂದರು.

“ಈ ಕಾಯಿಲೆ ಇರೋರ್ನ ನೀವು ಹತ್ರದಿಂದ ನೋಡಿದ್ದೀರಾ?”

“ಇಲ್ಲ. ಓದಿದ್ದೀನಿ, ಡಾಕ್ಟರುಗಳ ಹತ್ರ ಮಾತಾಡಿದ್ದೀನಿ.”

“ಕ್ಲಿಯರ್ ಲೇಕ್‌ನಲ್ಲಿ ನಮಗೆ ಗೊತ್ತಿರೋ ಅಂಕಲ್ ಒಬ್ರಿದ್ದಾರೆ. ಧಾರವಾಡದವರು. ಬಾಹ್ಯಾಕಾಶ ಕೇಂದ್ರದ ಕೆಲಸದಿಂದ ರಿಟೈರ್ ಆದವರು. ಅವರಿಗೆ ಇದೇ ಕಾಯಿಲೆ. ಕನ್ನಡ ಪುಸ್ತಕ ಅಂದ್ರೆ ಪ್ರಾಣ. ಕೇಳಿ ನೋಡ್ಲಾ?”

ಕೇಳಿದರು. ಅಂಕಲ್ ಎರಡು ದಿನಕ್ಕೇ ಬರಹೇಳಿದರು, ಹಸ್ತಪ್ರತಿಯನ್ನೂ ಮೊದಲೇ ತರಿಸಿಕೊಂಡು ಓದಿದರು.

ಸೀಡರ್ ಪಾರ್ಕ್‌ನಿಂದ ಕ್ಲಿಯರ್ ಲೇಕ್ ಅಂದರೆ ಅರ್ಧ ದಿನದ ಡ್ರೈವ್. ಹ್ಯೂಸ್ಟನ್ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿ ಹೋಗಬೇಕು. ನಾನು ಮುಟ್ಟಿದಾಗ ಆಂಟಿ ಅಡುಗೆಮನೆಯಲ್ಲಿ ಗಂಡನ ಚಹಾಕ್ಕೆ ಬಿಳಿ ಪುಡಿಯೊಂದನ್ನು ಹಾಕಿ ತಿರುವುತ್ತಿದ್ದರು. ಚಹಾ ಅಂಬಲಿಯ ಹಾಗೆ ಗಟ್ಟಿಯಾಗಿತ್ತು.

“ತೆಳ್ಳಗಿದ್ರ ಠಸಕಿ ಹತ್ತತದ್ರಿ ಅವರಿಗ,” ಎಂದರು. “ನೀರೂ ಹಿಂಗ ಮಾಡೇ ಕೊಡಬೇಕು. ಶ್ವಾಸನಾಳಕ್ಕ ಹೋದ್ರ ದೊಡ್ಡ ತ್ರಾಸು.”

ಅಂಕಲ್ ಎತ್ತರದ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೈಗಳು ತೊಡೆಯ ಮೇಲೆ, ಯಾರೋ ಇಟ್ಟುಹೋದ ಹಾಗೆ. ಮಾತು ತೊದಲುತ್ತಿತ್ತು; ಅರ್ಥವಾಗದಿದ್ದಾಗ ಆಂಟಿ ಅದನ್ನೇ ಮತ್ತೆ ಹೇಳುತ್ತಿದ್ದರು. ಮೂವತ್ತು ವರ್ಷ ಯಂತ್ರಗಳ ತಪ್ಪು ಹುಡುಕಿದ ಮನುಷ್ಯ. ಕುಶಲ ವಿಚಾರಿಸಲು ಹೊತ್ತು ಕಳೆಯಲಿಲ್ಲ.

“ಶ್ರೀಪತಿ ಆ ಲೋಟ ಹ್ಯಾಂಗ ಎತ್ತಿದ?”

“ಎರಡೂ ಕೈಯಲ್ಲಿ, ಅಂಕಲ್.”

“ಹನ್ನೆರಡನೇ ಅಧ್ಯಾಯದಾಗ ಅವಗ ಅಂಗಿ ಗುಂಡಿ ಹಾಕ್ಕೊಳ್ಳಿಕ್ಕೆ ಬರೂದಿಲ್ಲ. ಹದಿನೆಂಟರಾಗ ಲೋಟ ಎತ್ತತಾನ?”

ಅವರು ಆಂಟಿ ಚಮಚದಲ್ಲಿ ಕೊಟ್ಟ ಚಹಾವನ್ನು ನಿಧಾನವಾಗಿ ನುಂಗಿ, ಉಸಿರು ಸರಿಮಾಡಿಕೊಂಡು ಮುಂದುವರಿಸಿದರು.

“ಕಾಯದೆ ಏನಂತದ? ತನ್ನ ಕೈಯಾರೆ ತಗೋಬೇಕು. ಬ್ಯಾರೆಯವರು ಹಾಕೂ ಹಂಗಿಲ್ಲ. ಅಂದ್ರ ಏನಾತು? ಕೈ ಇದ್ದಾಗನ ಹೋಗಬೇಕು. ಕೈ ಇನ್ನೂ ಅದ ಅಂದ್ರ, ಇನ್ನೊಂದಿಷ್ಟು ದಿನ ಬದುಕಬೇಕು ಅಂತನೂ ಅನಸ್ತಿರತದ. ಬದುಕಬೇಕು ಅನ್ನಿಸೂವಾಗನ ಹೋಗಬೇಕು. ನಿಮ್ಮ ಪುಸ್ತಕದಾಗ ಇದು ಎಲ್ಲದ?”

ಎಲ್ಲೂ ಇರಲಿಲ್ಲ. ನನ್ನ ಶ್ರೀಪತಿ ಎಲ್ಲ ಕಷ್ಟ ಅನುಭವಿಸಿ, ಎಲ್ಲರಿಗೂ ವಿದಾಯ ಹೇಳಿ, ಇನ್ನು ಸಾಕು ಎನಿಸಿದಾಗ ಹೋಗುತ್ತಿದ್ದ. ಹಾಗೆ ಹೋಗಲು ಬೇಕಾದ ಕೈ ಆ ಹೊತ್ತಿಗೆ ಅವನಿಗೆ ಇರುವುದಿಲ್ಲ. ಇನ್ನೂರು ಪುಟ ನಿಂತದ್ದು ಆ ಒಂದು ಲೋಟದ ಮೇಲೆ.

ತಿಂಗಳಿಗೆ ಎರಡು ಶನಿವಾರ ಹೋಗತೊಡಗಿದೆ. ಪ್ರತಿ ಸಲವೂ ಎರಡು ಮೂರು ಅಧ್ಯಾಯ ಪರಿಶೀಲನೆ. ಪ್ರತಿ ಸಲವೂ ಏನೋ ಒಂದು ಕುಸಿಯುತ್ತಿತ್ತು. ಶ್ರೀಪತಿಯ ನಿರ್ಧಾರವನ್ನು ಹಿಂದಕ್ಕೆ ತಂದರೆ ಅವನು ತನ್ನ ತಂಗಿಯ ಜೊತೆ ಆಡುವ ಜಗಳವನ್ನು ಎಲ್ಲಿ ಹಾಕುವುದು? ಚಳಿಗಾಲದ ಹಿಮ ಬೇಸಿಗೆಗೆ ಬಂದು ಕೂತಿತು. ಮಾತು ಪೂರ್ತಿ ಹೋದ ಮೇಲೆ ಅವನಿಗೆ ಒಂದೂವರೆ ಪುಟದ ಭಾಷಣ ಕೊಟ್ಟಿದ್ದೆ, ಅದೂ ಹೋಯಿತು. ಸರಿಪಡಿಸಿದ ಒಂದು ಪುಟ ಹಳೆಯ ನಾಲ್ಕು ಪುಟಗಳನ್ನು ಸುಳ್ಳು ಮಾಡುತ್ತಿತ್ತು. ಬೆಳಗ್ಗೆ ಎದ್ದು ಮೇಜಿನ ಮುಂದೆ ಕೂತರೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುತ್ತಿರಲಿಲ್ಲ. ಬರೆಯುವುದಕ್ಕಿಂತ ಕೆಡಿಸುವುದೇ ಹೆಚ್ಚಾಗಿತ್ತು.

ಅಂಕಲ್ ಮಾತ್ರ ಉತ್ಸಾಹದಲ್ಲಿದ್ದರು. ಅವರ ಪ್ರಶ್ನೆಗಳೂ ಬೆಳೆಯುತ್ತಿದ್ದವು.

“ಯಾವ ರಾಜ್ಯಕ್ಕ ಹೋಗ್ತಾರ ಇವರು? ಹೊರಗಿನವರನ್ನ ತಗೋತಾರೇನು? ಡಾಕ್ಟರ ಮೊದಲನೇ ಭೇಟಿ ಆಗಿಂದ ಎಷ್ಟ ದಿನಾ ಕಾಯಬೇಕು? ಉಸಿರಿನ ಮಶೀನ ವಿಮಾನದಾಗ ಒಯ್ಲಿಕ್ಕೆ ಬಿಡ್ತಾರೇನು? ಹುಡುಕ್ರಿ. ಕಾದಂಬರಿಗೆ ಬೇಕಲ್ರಿ.”

ಹುಡುಕಿ ತಂದು ಹೇಳುತ್ತಿದ್ದೆ. ಕಾದಂಬರಿಗೆ ಬೇಕಾದದ್ದು ಅಷ್ಟೊಂದೇನೂ ಇರಲಿಲ್ಲ ಎಂಬುದು ನನಗೂ ಗೊತ್ತಾಗುತ್ತಿತ್ತು. ಗಾಲಿಕುರ್ಚಿಯನ್ನು ವಿಮಾನದ ಯಾವ ಬಾಗಿಲಿನಿಂದ ಇಳಿಸುತ್ತಾರೆ ಎಂಬುದು ಯಾವ ಓದುಗನಿಗೆ ಬೇಕು? ಆದರೆ ಕೇಳುತ್ತಿರುವವರ ಮುಖ ನೋಡಿದರೆ ಬೇಡ ಎನ್ನಲು ಆಗುತ್ತಿರಲಿಲ್ಲ.

ಒಂದು ಶನಿವಾರ ಹೊರಟು ಕಾರಿನ ಬಾಗಿಲು ತೆಗೆದಾಗ ಆಂಟಿ ಹಿಂದೆಯೇ ಬಂದು ಬಾಗಿಲನ್ನು ಹಿಡಿದುಕೊಂಡು ನಿಂತರು. ಬಿಸಿಲು ಕಣ್ಣು ಬಿಡಲು ಆಗದ ಹಾಗಿತ್ತು. ಅವರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ಒಂದ್ ಮಾತ ಕೇಳ್ಲೇನ್ರಿ? ನೀವು ಹೋದ ಮ್ಯಾಲೆ ಈ ಮನ್ಯಾಗ ಏನ ಆಗ್ತದ, ನಿಮಗ ಗೊತ್ತದ ಏನು?”

“ಇಲ್ಲ ಆಂಟಿ.”

“ಸುಮಿತ್ರಾ ಕರಕೊಂಡು ಹೋದಳು, ನೀ ಯಾಕ ಒಲ್ಲೆ ಅಂತೀ ಅಂತಾರ. ಸುಮಿತ್ರಾಗ ಗಂಡನ ಸಂಕಟ ತಿಳೀತು, ನಿನಗ್ಯಾಕ ತಿಳೀವಲ್ದು ಅಂತಾರ. ದಿನಾ ಇದ ಆಗೇದ. ನಾ ಬರಲಿಲ್ಲಾಂದ್ರ ಅವರಿಗ ಎಲ್ಲೂ ಹೋಗ್ಲಿಕ್ಕೆ ಆಗೂದಿಲ್ಲ. ನಮಗ ಮಕ್ಕಳಿಲ್ಲ, ನೀವು ನೋಡೀರಿ. ಎತ್ತಿ ಕೂಡಸಾಕಿ ನಾ ಒಬ್ಬಾಕಿ.”

“ನೀವು ಏನಂತೀರಾ?”

“ಏನಂತೀನಿ. ಅಡಿಗಿ ಮನಿಗೆ ಹೋಗ್ತೀನಿ.” ಒಮ್ಮೆ ಮನೆಯ ಕಡೆ ನೋಡಿ, “ನನಗ ಆ ಸುಮಿತ್ರಾನ ಸಹವಾಸ ಸಾಕಾಗೇದ್ರಿ,” ಎಂದು ಬಾಗಿಲು ಬಿಟ್ಟರು.

ಆಸ್ಟಿನ್ ತನಕ ನನಗೆ ಎಲ್ಲರ ಮೇಲೂ ಸಿಟ್ಟು. ಕತೆಯನ್ನು ಹೆಂಡತಿಯ ಮೇಲೆ ಬಡಿಗೆಯ ಹಾಗೆ ಬೀಸಿದ ಅಂಕಲ್ ಮೇಲೆ. ಬರಿಗಾಲಲ್ಲಿ ಬಂದು ಆ ಭಾರವನ್ನು ನನ್ನ ಕಾರಿನೊಳಗಿಟ್ಟ ಆಂಟಿಯ ಮೇಲೆ. ಕೈ ಇರುವವನಿಗೆ ಬಾಗಿಲು ತೆಗೆದು ಕೈ ಹೋದವನಿಗೆ ಮುಚ್ಚುವ ಕಾನೂನಿನ ಮೇಲೆ, ಅಷ್ಟು ಕೂಡ ಬಾಗಿಲು ತೆಗೆಯದ ಟೆಕ್ಸಸ್ ಮೇಲೆ. ಸುಮಿತ್ರಾ ನಾನು ಕಟ್ಟಿದ ಹೆಂಗಸು. ಅವಳು ಏನು ಮಾಡಿದಳು ಎಂಬುದಕ್ಕೆ ಕ್ಲಿಯರ್ ಲೇಕ್‌ನ ಒಂದು ಮನೆಯಲ್ಲಿ ನಾನು ಜವಾಬು ಹೇಳಬೇಕೆ? ಹೇಳಬೇಕಿಲ್ಲ ಎನ್ನುವುದಕ್ಕೆ ಒಳ್ಳೆಯ ವಾದಗಳಿದ್ದವು. ಆ ವಾದಗಳನ್ನು ಡಲ್ಲಾಸ್‌ನ ಸೋಫಾಗಳ ಮೇಲೆ ಕೂತು ಹೇಳಬಹುದಿತ್ತು.

ಸಂಪಾದಕರಿಗೆ ಫೋನ್ ಮಾಡಿ ಹದಿನೆಂಟನ್ನು ಬದಲಾಯಿಸಬೇಕೆಂದಿದ್ದೇನೆ ಎಂದೆ. ಕಾರಣವನ್ನೂ ಹೇಳಿದೆ.

“ನೀವು ಸಮಾಜಸೇವೆ ಮಾಡ್ತಿದ್ದೀರಾ, ಕಾದಂಬರಿ ಬರೀತಿದ್ದೀರಾ?”

“ಗೊತ್ತಿಲ್ಲ ಸರ್.”

“ಯಾರದೋ ಮನೆಯಲ್ಲಿ ಜಗಳ ಆಗುತ್ತೆ ಅಂತ ಕತೆ ತಿದ್ದೋಕೆ ಶುರು ಮಾಡಿದ್ರೆ ಯಾವ ಕತೆ ಉಳಿಯುತ್ತೆ ಹೇಳಿ?”

ಅದೂ ನಿಜವೇ. ಎರಡು ವಾರ ಏನೂ ಬರೆಯಲಿಲ್ಲ. ಮೂರನೆಯ ಶನಿವಾರ ಅಂಕಲ್ ಮುಖಕ್ಕೆ ಉಸಿರಿನ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗಿದ್ದ ಹೊತ್ತಿಗೆ ಹೋಗಿ, ನೇರ ಅಡುಗೆಮನೆಗೆ ನಡೆದೆ. ಆಂಟಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

“ಆಂಟಿ, ಆ ಅಧ್ಯಾಯ ನೀವು ಓದಿಲ್ಲ ಅಲ್ವಾ?”

“ನನಗ ಯಾರು ಕೇಳ್ಯಾರ್ರಿ ಓದು ಅಂತ?”

“ನಾನು ಓದ್ತೀನಿ, ಕೇಳ್ತೀರಾ?”

ಅವರು ಸೊಪ್ಪಿನ ತಟ್ಟೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದರು. ಓದಿದೆ. ಸೊಪ್ಪು ಬಿಡಿಸುವ ಕೈ ನಡುನಡುವೆ ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ಮುಗಿದ ಮೇಲೆ ಕಡ್ಡಿಗಳನ್ನೆಲ್ಲ ಒಟ್ಟು ಮಾಡಿ ಕಸದ ಬುಟ್ಟಿಗೆ ಹಾಕಿ ಬಂದರು.

“ಅಕಿ ಒಂದೂ ಮಾತಾಡೂದಿಲ್ಲಲ್ರಿ.”

“ಯಾರು?”

“ಸುಮಿತ್ರಾ.”

ನಾನು ನಂಬದೆ ಅಲ್ಲೇ ಪುಟ ತಿರುವಿ ನೋಡಿದೆ. ಸುಮಿತ್ರಾ ತಲೆಯಾಡಿಸಿದಳು. ಸುಮಿತ್ರಾ ಅವನ ಕೂದಲು ನೇವರಿಸಿದಳು. ಸುಮಿತ್ರಾ ಕಿಟಕಿಯ ಬಳಿ ಹೋಗಿ ನಿಂತಳು. ಸುಮಿತ್ರಾಳ ಕಣ್ಣಿಂದ ನೀರಿಳಿಯಿತು. ಇಡೀ ಅಧ್ಯಾಯದಲ್ಲಿ ಅವಳಿಗೆ ನಾನು ಕೊಟ್ಟ ಮಾತು ಒಂದೂ ಇರಲಿಲ್ಲ. ಸಂಪಾದಕರು ಗಮನಿಸಿರಲಿಲ್ಲ, ಡಲ್ಲಾಸ್‌ನ ಅಷ್ಟು ಜನ ಗಮನಿಸಿರಲಿಲ್ಲ, ನಾನಂತೂ ಆ ಮೌನವನ್ನು ಅಧ್ಯಾಯದ ಬಲವೆಂದೇ ತಿಳಿದಿದ್ದೆ.

“ಭಾಳ ಚಲೋ ಹೆಂಗಸು ಮಾಡೀರಿ ಅಕಿನ್ನ,” ಎಂದರು ಆಂಟಿ. “ಚಲೋ ಹೆಂಗಸು ಆಗ್ಲಿಕ್ಕೆ ಬಾಯಿ ಮುಚ್ಚಸಬೇಕಾಗೇದ.”

“ನೀವಾಗಿದ್ರೆ ಏನು ಹೇಳ್ತಿದ್ರಿ?”

ಅವರು ಒಳಗಿನ ಕೋಣೆಯ ಕಡೆ ನೋಡಿದರು. ಉಸಿರಿನ ಯಂತ್ರದ ಶಬ್ದ ಒಂದೇ ಸಮನೆ ಕೇಳುತ್ತಿತ್ತು. ದನಿ ತಗ್ಗಿಸಿದರು.

“ಮೈ ತೊಳೀತೀನಿ. ಹೊರಳಸಿ ಮಲಗಸ್ತೀನಿ. ಬಾಯಾಗಿನ ಜೊಲ್ಲು ತಗೀತೀನಿ. ಇನ್ನೂ ಏನ ಬಂದ್ರೂ ಮಾಡ್ತೀನಿ. ಆದ್ರ ಇಬ್ಬರೂ ಕೂಡಿ ವಿಮಾನ ಹತ್ತಿ ಹೋಗಿ, ನಾ ಒಬ್ಬಾಕಿನ ವಾಪಸ್ ಬರೂದು... ಅದು ನನ್ನ ಕೈಲೆ ಆಗೂದಿಲ್ಲ. ಅವರದು ತಪ್ಪು ಅಂತಲ್ರಿ. ಅವರ ಜಾಗಾದಾಗ ನಾ ಇದ್ರ ನಾನೂ ಅದನ್ನ ಕೇಳ್ತಿದ್ದೆನೋ ಏನೋ. ನನಗ ಆಗೂದಿಲ್ಲ, ಅಷ್ಟ.”

ಅವರು ‘ಅದು’ ಎಂದದ್ದನ್ನು ಆಗ ಗಮನಿಸಿದೆ. ಕದ್ದವರ ಹಾಗೆ ಕೇಳಿಸಲಿಲ್ಲ. ಹೆಸರಿಡಲು ಮನಸ್ಸಿಲ್ಲದವರು ಆಡುವ ಮಾತಿನ ಹಾಗೆ ಕೇಳಿಸಿತು. ಪದದ ಹುಡುಕಾಟ ಅಲ್ಲಿಗೆ ಬಿಟ್ಟೆ.

ಹಿಂತಿರುಗುವ ದಾರಿಯಲ್ಲಿ ನಿರ್ಧಾರ ಮಾಡಿದೆ. ಹನ್ನೊಂದನೇ ಅಧ್ಯಾಯದಿಂದ ಮುಂದೆ ಕತೆ ಸುಮಿತ್ರಾಳ ಕಣ್ಣಿನಿಂದ ನಡೆಯುತ್ತದೆ. ಹದಿನೆಂಟರಲ್ಲಿ ಅವಳು ‘ಇಲ್ಲ’ ಎನ್ನುತ್ತಾಳೆ. ಆಂಟಿಯ ಸಂಸಾರ ಉಳಿಸಲು ಹೀಗೆ ಮಾಡಿದೆ ಎಂದರೆ ಸುಳ್ಳಾದೀತು. ಇಬ್ಬರ ಸಂಕಟದ ಕತೆಯಲ್ಲಿ ಒಬ್ಬರ ಬಾಯನ್ನು ನಾನೇ ಹೊಲಿದಿದ್ದೆ, ಆ ಕೆಲಸ ಕೆಟ್ಟದಾಗಿತ್ತು.

ಹೇಳಿದಷ್ಟು ಸುಲಭವಾಗಲಿಲ್ಲ. ಶ್ರೀಪತಿಯ ಕಣ್ಣಿನ ಕತೆಯಲ್ಲಿ ಅವನು ‘ಅವನು’. ಹೆಂಡತಿಯ ಕಣ್ಣಿಗೆ ಬಂದ ಕೂಡಲೇ ‘ಅವರು’. ನೋಡಿದ ಎಂಬುದು ನೋಡಿದರು ಆಗಬೇಕು, ಕೆಮ್ಮಿದ ಎಂಬುದು ಕೆಮ್ಮಿದರು. ಕಂಪ್ಯೂಟರಿನಲ್ಲಿ ಒಮ್ಮೆಲೇ ಬದಲಾಯಿಸುವ ಹಾಗಿಲ್ಲ, ಎಂಟು ಅಧ್ಯಾಯದ ಪ್ರತಿ ಕ್ರಿಯಾಪದ ಕೈಯಿಂದ ತಿದ್ದಬೇಕು. ತಿದ್ದುತ್ತ ಹೋದ ಹಾಗೆ ಇನ್ನೊಂದು ಸಂಗತಿ ಎದುರಾಯಿತು. ‘ಅವರು’ ಆದ ಕೂಡಲೇ ಶ್ರೀಪತಿ ದೂರವಾದ. ಅವನ ಒಳಗೆ ಏನು ನಡೆಯುತ್ತಿದೆ ಎಂದು ಹೇಳುವ ಹಕ್ಕು ನನಗೆ ಇಲ್ಲವಾಯಿತು, ಸುಮಿತ್ರಾಗೆ ಕಂಡಷ್ಟೇ. ನಾನು ಬಹಳ ಪ್ರೀತಿಯಿಂದ ಬರೆದಿದ್ದ ಅವನ ಯೋಚನೆಗಳೆಲ್ಲ ಹೋದವು. ಒಬ್ಬರಿಗೆ ಮಾತು ಕೊಡಲು ಹೋಗಿ ಇನ್ನೊಬ್ಬರದನ್ನು ಕಿತ್ತುಕೊಂಡ ಹಾಗಾಯಿತು. ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ.

ಹೊಸ ಅಧ್ಯಾಯ ಅಂಕಲ್ ಓದುವ ಹೊತ್ತಿಗೆ ಅವರ ಮಾತು ಪೂರ್ತಿ ನಿಂತಿತ್ತು. ಕಣ್ಣಿನ ಚಲನೆಯನ್ನು ಹಿಡಿಯುವ ಪರದೆಯೊಂದು ಕುರ್ಚಿಗೆ ಬಂದಿತ್ತು. ಒಂದೊಂದೇ ಅಕ್ಷರವನ್ನು ದಿಟ್ಟಿಸಿದರೆ ಅದು ಪದ ಕೂಡಿಸಿ ಓದುತ್ತಿತ್ತು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಯಾರೋ ಅಮೆರಿಕನ್ ಗಂಡಸಿನ ದನಿ ಧಾರವಾಡದ ಮಾತನ್ನು ಹೇಗೆ ಹೇಗೋ ತಿರುಚಿ ಆಡುತ್ತಿತ್ತು. ದನಿಯನ್ನು ಬಿಟ್ಟು ನಾನು ಪರದೆಯನ್ನೇ ಓದಿಕೊಂಡೆ.

“ನೀವು ಅಕಿ ಕಡೆ ಆದ್ರಿ.”

“ನಾನು ಯಾರ ಕಡೆಯೂ ಅಲ್ಲ ಅಂಕಲ್. ಮೊದಲು ಸುಮಿತ್ರಾ ಬರೀ ಗೊಂಬೆ ಆಗಿದ್ಲು.”

ಬಹಳ ಹೊತ್ತು ಕಣ್ಣುಗಳು ಅಕ್ಷರದಿಂದ ಅಕ್ಷರಕ್ಕೆ ಹೋದವು. ನಡುವೆ ತಪ್ಪಿ ಅಳಿಸಿದರು. ಆಂಟಿ ಬಾಗಿಲಲ್ಲಿ ನಿಂತಿದ್ದರು.

“ಕಾಲು ಹೋತು. ಕೈ ಹೋತು. ಮಾತು ಹೋತು. ಪುಸ್ತಕದಾಗರ ನನ್ನ ಇಚ್ಛಾ ನಡೀತಿತ್ತು.”

“ಅದು ಶ್ರೀಪತಿ, ಅಂಕಲ್. ನೀವಲ್ಲ.”

ಅವರು ನನ್ನನ್ನು ನೋಡಿದರು. ಆ ನೋಟದ ಎದುರು ಆ ಮಾತನ್ನು ಇನ್ನೊಮ್ಮೆ ಹೇಳಲು ನನಗೆ ಆಗಲಿಲ್ಲ. ಕಣ್ಣು ಮತ್ತೆ ಪರದೆಗೆ ಹೋಯಿತು.

“ಅಧ್ಯಾಯ ಸುಳ್ಳಲ್ಲ. ನನಗ ಸೇರಲಿಲ್ಲ. ಇನ್ನ ಬರಬ್ಯಾಡ್ರಿ.”

ಆಂಟಿ ನನ್ನ ಜೊತೆ ಕಾರಿನ ತನಕ ಬರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಕೆಲಸವನ್ನು ಹಲ್ಲು ಕಚ್ಚಿ ಮುಗಿಸಿದೆ. ಸಂಪಾದಕರಿಗೆ ಹೊಸ ರೂಪ ಮೆಚ್ಚುಗೆಯಾಯಿತು, ಆದರೆ ಪೂರ್ತಿ ಅಲ್ಲ. “ಅವಳು ಇಲ್ಲ ಅಂದ್ಲು, ಸರಿ. ಆಮೇಲೆ ಓದುಗರಿಗೆ ಏನು ಉಳೀತು? ಏನಾದ್ರೂ ಕೊಡಿ ಮೇಡಂ,” ಎಂದರು. ನಾನೂ ದಣಿದಿದ್ದೆ. ಇಲ್ಲ ಎಂದ ಮೇಲೆ ಗಂಡ ಹೆಂಡತಿ ಇಬ್ಬರೂ ಕೈ ಕೈ ಹಿಡಿದು ಕೂತಿರುವ, ಏನೂ ಹೇಳದೆಯೇ ಒಬ್ಬರನ್ನೊಬ್ಬರು ಕ್ಷಮಿಸುವ ಒಂದು ಪ್ಯಾರಾ ಬರೆದು ಸೇರಿಸಿದೆ. ಅದು ಸರಾಗವಾಗಿ ಬಂತು. ಸಂಪಾದಕರು ಅದೇ ದಿನ ಒಪ್ಪಿದರು. ಪುಸ್ತಕ ಪುಟವಿನ್ಯಾಸಕ್ಕೆ ಹೋಯಿತು.

ಡಲ್ಲಾಸ್‌ನ ಮನೆಯೊಡತಿಯೇ ಫೋನ್ ಮಾಡಿ ಅಂಕಲ್ ಹೋದ ಸುದ್ದಿ ಹೇಳಿದರು. ಗಂಟಲಿಗೆ ನಳಿಕೆ ಹಾಕಿ ಯಂತ್ರದಿಂದ ಉಸಿರಾಡಿಸುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರಂತೆ. ಅಷ್ಟನ್ನು ನಿರಾಕರಿಸಲು ಟೆಕ್ಸಸ್‌ನಲ್ಲೂ ಹಕ್ಕಿದೆ. ಕೊನೆಯ ದಿನಗಳಲ್ಲಿ ಸಂಕಟ ತಗ್ಗಿಸುವ ಉಪಶಮನ ಆರೈಕೆಯ ನರ್ಸ್ ಮನೆಗೇ ಬರುತ್ತಿದ್ದರು.

ಹೋಗಬೇಕೋ ಬೇಡವೋ ತಿಳಿಯಲಿಲ್ಲ. ಬರಬೇಡಿ ಎಂದವರು ಈಗ ಇರಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ ಒಂದು ದಿನ ಹ್ಯೂಸ್ಟನ್‌ಗೆ ಹೋಗಿ ರಾತ್ರಿ ಉಳಿದು, ಮರುದಿನ ಬೆಳಗ್ಗೆ ಕ್ಲಿಯರ್ ಲೇಕ್‌ಗೆ ಹೋದೆ. ಗಾಲಿಕುರ್ಚಿ, ಪರದೆ, ಉಸಿರಿನ ಯಂತ್ರ ಎಲ್ಲ ವಾಪಸ್ ಹೋಗಿ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಆಂಟಿ ಚಹಾ ಕೊಟ್ಟರು. ಅವರೇ ಕೇಳಿದರು:

“ಪುಸ್ತಕ ಮುಗೀತೇನ್ರಿ?”

“ಮುಗೀತು ಆಂಟಿ. ಪುಟವಿನ್ಯಾಸವೂ ಆಗಿದೆ.”

“ಆ ಅಧ್ಯಾಯ ಕೊಡ್ರಿ.”

ಟ್ಯಾಬ್ಲೆಟ್‌ನಲ್ಲಿ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಸುಮಿತ್ರಾ ‘ಇಲ್ಲ’ ಎನ್ನುವ ಕಡೆ ಸ್ವಲ್ಪ ನಿಂತರು. ಕೊನೆಯ ಪುಟ ಮುಗಿಸಿ, ಒಂದು ಪುಟ ಹಿಂದೆ ಹೋಗಿ ಮತ್ತೆ ಓದಿದರು.

“ಇಲ್ಲೀತನಕ ಖರೆ ಅದ,” ಎಂದು ಬೆರಳಿಟ್ಟು ತೋರಿಸಿದರು. “ಮುಂದಿಂದು ಸುಳ್ಳು.”

ಅದು ಕೈ ಹಿಡಿದು ಕೂರುವ ಪ್ಯಾರಾ.

“ನಾನೂ ಒಂದಿನ ಬಾಯಿ ಬಿಟ್ಟು ಇಲ್ಲ ಅಂದೆ, ಆಮ್ಯಾಲೆ ಅವರು ನನ್ನ ನೋಡೂದು ಬಿಟ್ರು. ಮೈಯಾಗ ಅಳ್ಳಾಡ್ತಿದ್ವು ಅಂದ್ರ ಅವೆರಡ ಕಣ್ಣು. ನಾ ಮುಂದ ಬಂದು ಕೂತ್ರ ಅವನ್ನ ಗ್ವಾಡಿ ಕಡೆ ತಿರಗಸ್ತಿದ್ರು. ನರ್ಸ್ ಬಂದ್ರ ಅವರನ್ನ ನೋಡ್ತಿದ್ರು, ನನ್ನ ನೋಡ್ತಿದ್ದಿಲ್ಲ. ಉಸಿರಿನ ತ್ರಾಸಕ್ಕ ಔಷಧ ಕೊಟ್ಟಿದ್ರು, ನೋವು ಇರಲಿಲ್ಲ ಅಂತ ಹೇಳಿದ್ರು. ಇರಲಿಕ್ಕಿಲ್ಲ. ಕೈ ನಾ ಹಿಡಕೊಂಡಿದ್ದೆ. ಅವರು ಹಿಡದಿದ್ರೋ ಇಲ್ಲೋ, ಗೊತ್ತಾಗೂ ಹಂಗ ಆ ಕೈಯಾಗ ಏನೂ ಉಳದಿರಲಿಲ್ಲ.”

ಕೇಳಬಾರದ್ದನ್ನು ಕೇಳಿದೆ. “ಕರ್ಕೊಂಡು ಹೋಗಬೇಕಿತ್ತು ಅನ್ಸುತ್ತಾ ಆಂಟಿ?”

“ಮುಂಜಾನೆ ಎದ್ದಾಗ ಅನಸ್ತದ. ಮಧ್ಯಾಹ್ನದಾಗ, ಇಲ್ಲ, ನನ್ನ ಕೈಲೆ ಆಗ್ತಿರಲಿಲ್ಲ ಅನಸ್ತದ.” ಅವರು ಕನ್ನಡಕ ತೆಗೆದಿಟ್ಟರು. “ಅಕಿ ಇಲ್ಲ ಅಂದಳು ಅಂತ ಬರದೀರಿ. ಅಂದಿದ್ದಕ್ಕ ಏನಾತು, ಅದನ್ನೂ ಬರೀರಿ. ಇಲ್ಲಾಂದ್ರ ಮದಲಿನ ಸುಮಿತ್ರಾಗೂ ಇಕಿಗೂ ಏನ ಫರಕು?”

ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ಸಂಪಾದಕರು ಇನ್ನೂ ಕಚೇರಿಯಲ್ಲೇ ಇದ್ದರು. ಒಂದು ಪ್ಯಾರಾ ತೆಗೆಯಬೇಕು ಎಂದೆ. ಯಾವುದು ಎಂದು ಕೇಳಿ ತಿಳಿದುಕೊಂಡು ನಿಟ್ಟುಸಿರು ಬಿಟ್ಟರು.

“ಮೇಡಂ, ಓದುಗರಿಗೆ ಉಳಿದಿರೋದೇ ಅದೊಂದು.”

“ಹೌದು ಸರ್. ತೆಗೀಬೇಕು.”

“ಪುಟವಿನ್ಯಾಸ ಪೂರ್ತಿ ಮುಗಿದಿದೆ. ಆ ಜಾಗದಲ್ಲಿ ಏನು ಹಾಕ್ತೀರಿ?”

“ಶ್ರೀಪತಿ ಕಣ್ಣನ್ನ ಗೋಡೆ ಕಡೆ ತಿರುಗಿಸ್ತಾರೆ.”

“ಸುಮಿತ್ರಾ?”

ಆಂಟಿ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಮಾತು ಕೇಳುತ್ತಿದ್ದರು.

“ಅವಳು ಎದ್ದು ಹೋಗಲ್ಲ,” ಎಂದೆ. “ಅಲ್ಲೇ ಕೂತಿರ್ತಾಳೆ.”